ಹಳೆಯ ಆರ್ಕೇಡ್ ಆಟಕ್ಕೆ ಹೊಸ ರೂಪ: ಬಣ್ಣ ಬಳಿಯುವ ಮೊದಲು ಮಾಡಬೇಕಾದ ಕೆಲಸಗಳು

ಹಳೆಯ ಆರ್ಕೇಡ್ ಆಟವೊಂದನ್ನು, ಅಂದರೆ ನಾಣ್ಯ ಹಾಕಿ ಆಡುತ್ತಿದ್ದ ಯಂತ್ರದ ಆಟವನ್ನು, ಇಂದಿನ ಮೊಬೈಲಿಗೋ ಕಂಪ್ಯೂಟರಿಗೋ ಹೊಸದಾಗಿ ಹೊಂದಿಸಲು ಹೊರಡುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಚಿತ್ರ ಬಿಡಿಸಲು ಕೂರುತ್ತಾರೆ. ಹಾಸನದಲ್ಲಿ ವಾರದ ಕೊನೆಗೆ ಸೇರಿ ಆಟಗಳನ್ನು ಕಟ್ಟುವ ನಮ್ಮ ಸಣ್ಣ ಗುಂಪಿಗೆ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳದ್ದೂ ಇದೇ ಕಥೆ. ಪಾತ್ರಗಳ ಚಿತ್ರ ಹೊಳೆಯುತ್ತಿರುತ್ತದೆ, ಹಿನ್ನೆಲೆಯಲ್ಲಿ ಮೋಡ ತೇಲುತ್ತಿರುತ್ತದೆ, ಆಡಲು ಕೂತರೆ ಮಾತ್ರ ಎರಡು ನಿಮಿಷಕ್ಕೆ ಬೇಸರ ಬರುತ್ತದೆ. ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿಗೆ ನಾಣ್ಯ ಸುರಿದವರನ್ನು ಕರೆತಂದು ಅದೇ ಆಟವನ್ನು ಕೊಟ್ಟು ನೋಡಿ: ಚಿತ್ರ ಬದಲಾದದ್ದನ್ನು ಅವರು ಕ್ಷಣದಲ್ಲಿ ಮರೆಯುತ್ತಾರೆ, ಆದರೆ ತಿರುವಿನಲ್ಲಿ ಪಾತ್ರ ಒಂದಿಷ್ಟು ತಡವಾಗಿ ತಿರುಗಿದರೆ 'ಇದು ಆ ಆಟವಲ್ಲ' ಎಂದು ಫೋನ್ ವಾಪಸ್ಸು ಕೊಡುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಕೆಲಸದ ಕ್ರಮವನ್ನು ತಿರುಗಿಸಿ ಹೇಳಿದ್ದೇನೆ. ಮೊದಲು ಕಾಲದ ಲೆಕ್ಕ, ಅನಂತರ ಪರದೆ ಮತ್ತು ಕೈ, ಬಣ್ಣ ಆಮೇಲೆ.

ಆಟದ ಆಯ್ಕೆ ಮತ್ತು ಹಕ್ಕಿನ ಪ್ರಶ್ನೆ

ನಮ್ಮ ಕಡೆಯವರು ಮೊದಲು ಕೇಳುವುದು ಮುಸ್ತಫಾ ಆಟವನ್ನು. ಕ್ಯಾಪ್ಕಾಮ್ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಆಗಿದ್ದರೂ ಅದನ್ನು ಆ ಹೆಸರಿನಿಂದ ಕರೆದವರು ನಮ್ಮಲ್ಲಿ ವಿರಳ. ಆದರೆ ಮೊದಲ ಪ್ರಯತ್ನಕ್ಕೆ ಅದು ತಕ್ಕ ಆಯ್ಕೆಯಲ್ಲ. ನಾಲ್ಕು ಪಾತ್ರಗಳು, ಅವುಗಳ ಹತ್ತಾರು ಹೊಡೆತಗಳು, ಪ್ರತಿ ಹೊಡೆತಕ್ಕೂ ಬೇರೆ ಬೇರೆ ಅವಧಿ, ಇವನ್ನೆಲ್ಲ ಅಳೆದು ಮುಗಿಸುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಒಂದೇ ಪರದೆಯಲ್ಲಿ ನಡೆಯುವ, ಒಂದು ಕೋಲಿನಿಂದ (ಜಾಯ್‌ಸ್ಟಿಕ್) ಆಡುವ ಆಟವನ್ನು ಆರಿಸಿಕೊಳ್ಳಿ. ಈ ಲೇಖನದ ಉದಾಹರಣೆಗಳನ್ನು ನಾನು ಮುಖ್ಯವಾಗಿ ಪ್ಯಾಕ್‌ಮ್ಯಾನ್‌ನಿಂದ ತೆಗೆದುಕೊಂಡಿದ್ದೇನೆ. ಜಪಾನಿನ ನಾಮ್ಕೊ ಕಂಪನಿಯಲ್ಲಿ ತೋರು ಇವಾತಾನಿ ರೂಪಿಸಿದ, 1980ರಲ್ಲಿ ಬಿಡುಗಡೆಯಾದ, ನಾಯಕ ದೆವ್ವಗಳಿಂದ ತಪ್ಪಿಸಿಕೊಳ್ಳುತ್ತ ಚುಕ್ಕಿ ತಿನ್ನುವ ಈ ಆಟವನ್ನು ಆಸಕ್ತರು ದಶಕಗಳಿಂದ ಫ್ರೇಮ್ ಫ್ರೇಮ್, ಅಂದರೆ ಪರದೆಯಲ್ಲಿ ಮೂಡುವ ಒಂದೊಂದು ಚಿತ್ರವನ್ನೂ, ಬಿಡಿಸಿ ನೋಡಿರುವುದರಿಂದ, ಅದರ ಒಳಗಿನ ಲೆಕ್ಕಗಳು ಬೇರಾವ ಆಟಕ್ಕಿಂತಲೂ ಸ್ಪಷ್ಟವಾಗಿ ತಿಳಿದಿವೆ.

ಕಲಿಯಲು ಒಂದು ಆಟವನ್ನು ಬಿಡಿಸಿ ನೋಡುವುದು ಬೇರೆ, ಅದನ್ನು ಹೊಸದಾಗಿ ಕಟ್ಟಿ ಜನರಿಗೆ ಹಂಚುವುದು ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸುತ್ತದೆ. ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷ ಅದಕ್ಕೆ ರಕ್ಷಣೆಯಿದೆ. ಅಂದರೆ ಆರ್ಕೇಡ್ ಕಾಲದ ಯಾವ ಆಟವೂ 'ಹಳೆಯದಾಯಿತು' ಎಂಬ ಕಾರಣಕ್ಕೆ ಎಲ್ಲರ ಸೊತ್ತಾಗಿಲ್ಲ. ಅದೇ ಕಾಯ್ದೆಯ 52ನೆಯ ಕಲಮು, ಪ್ರೋಗ್ರಾಂನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ಅದರ ಹಿಂದಿನ ತತ್ತ್ವಗಳನ್ನು ತಿಳಿಯಲು ಅದು ನಡೆಯುವ ರೀತಿಯನ್ನು ಗಮನಿಸಿ ಪರೀಕ್ಷಿಸಲು ಅವಕಾಶ ಕೊಡುತ್ತದೆ. ನಿಯಮ, ಅಂದರೆ ಜಟಿಲ ಹಾದಿಯಲ್ಲಿ ಚುಕ್ಕಿ ತಿನ್ನುತ್ತ ಬೆನ್ನಟ್ಟುವವರಿಂದ ತಪ್ಪಿಸಿಕೊಳ್ಳುವ ಕಲ್ಪನೆ, ಯಾರೊಬ್ಬರದೂ ಅಲ್ಲ. ಪಾತ್ರದ ರೂಪ, ಸಂಗೀತ, ಹೆಸರು, ಕೋಡ್ ಇವು ಮಾಲೀಕರವು. ಗೆರೆ ಎಲ್ಲಿದೆ ಎಂದು ತಿಳಿಯಬೇಕಾದರೆ ಅಮೆರಿಕದ ಎರಡು ತೀರ್ಪುಗಳನ್ನು ಓದುವುದು ಒಳ್ಳೆಯದು. 1982ರಲ್ಲಿ ಕೆ.ಸಿ. ಮಂಚ್‌ಕಿನ್ ಎಂಬ ಆಟ ಪ್ಯಾಕ್‌ಮ್ಯಾನ್‌ಗೆ ತೀರ ಹತ್ತಿರವಿದೆಯೆಂದು ಅಟಾರಿ ಹೂಡಿದ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯ ಅಟಾರಿಯ ಪರ ನಿಂತಿತು. 2012ರಲ್ಲಿ ಟೆಟ್ರಿಸ್‌ನ ನೋಟವನ್ನೇ ತೆಗೆದುಕೊಂಡಿದ್ದ ಇನ್ನೊಂದು ಆಟವೂ ಸೋತಿತು.

ಹೀಗಾಗಿ ನಿಮ್ಮ ಮುಂದೆ ಮೂರು ದಾರಿಗಳಿವೆ. ಹಕ್ಕುದಾರರಿಂದ ಅನುಮತಿ ಪಡೆದು ನಿಜವಾದ ರೀಮಾಸ್ಟರ್ (ಅದೇ ಆಟದ ಹೊಸ ಆವೃತ್ತಿ) ಮಾಡಬಹುದು. ಸಣ್ಣ ಗುಂಪಿಗೆ ಇದು ಕಷ್ಟವಾದರೂ ಹೆಚ್ಚು ಹೆಸರಾಗದ ಆಟಗಳ ಮಾಲೀಕರಿಗೆ ಪತ್ರ ಬರೆದು ನೋಡುವುದರಲ್ಲಿ ನಷ್ಟವಿಲ್ಲ. ಎರಡನೆಯದು, ಹಕ್ಕುದಾರರೇ ಬಿಟ್ಟುಕೊಟ್ಟ ಆಟಗಳು. ಹಳೆಯ ಆರ್ಕೇಡ್ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಮೇಮ್ ಎಮ್ಯುಲೇಟರ್ ಯೋಜನೆಯ ತಾಣದಲ್ಲಿ ರಾಬಿ ರೋಟೊ, ಗ್ರಿಡ್ಲೀ ಮುಂತಾದ ಕೆಲವು ಆಟಗಳ ರಾಮ್ (ROM, ಯಂತ್ರದ ಚಿಪ್ಪಿನಲ್ಲಿದ್ದ ಪ್ರೋಗ್ರಾಂ) ಕಡತಗಳು ವಾಣಿಜ್ಯೇತರ ಬಳಕೆಗೆ ಮುಕ್ತವಾಗಿ ಸಿಗುತ್ತವೆ; ಅಳೆಯುವ ಅಭ್ಯಾಸಕ್ಕೆ ಅವು ಸಾಕು. ಮೂರನೆಯದು, ಹಳೆಯ ಆಟದಿಂದ ಲೆಕ್ಕವನ್ನು ಕಲಿತು ಸ್ವಂತ ಪಾತ್ರ, ಸ್ವಂತ ಹಾದಿ, ಸ್ವಂತ ಹೆಸರಿನ ಆಟ ಕಟ್ಟುವುದು. ಮೊದಲ ಬಾರಿಗೆ ಕೈಹಾಕುವವರಿಗೆ ನಾನು ಕೊಡುವ ಸಲಹೆ ಮೂರನೆಯದೇ. ಮುಂದೆ ಹೇಳುವ ವಿಧಾನ ಮೂರಕ್ಕೂ ಒಂದೇ.

ಅಳತೆಯ ಪಟ್ಟಿ

ಕೋಡ್ ಬರೆಯುವ ಮೊದಲು ಮೂಲ ಆಟದ ಅಳತೆಗಳನ್ನು ಒಂದು ಹಾಳೆಯಲ್ಲಿ ಇಳಿಸಿಕೊಳ್ಳಬೇಕು. ಮೇಮ್‌ನಲ್ಲಿ ಆಟ ನಡೆಯುತ್ತಿರುವಾಗ ಪಿ ಕೀಲಿ (ಹೊಸ ಆವೃತ್ತಿಗಳಲ್ಲಿ ಎಫ್5) ಒತ್ತಿದರೆ ಆಟ ನಿಲ್ಲುತ್ತದೆ. ಶಿಫ್ಟ್ ಹಿಡಿದು ಅದೇ ಕೀಲಿ ಒತ್ತಿದರೆ ಒಂದೇ ಒಂದು ಫ್ರೇಮ್ ಮುಂದೆ ಸರಿಯುತ್ತದೆ. ಆಟವನ್ನು ರೆಕಾರ್ಡ್ ಆಯ್ಕೆಯೊಂದಿಗೆ ಆರಂಭಿಸಿದರೆ ನೀವು ಒತ್ತಿದ ಪ್ರತಿಯೊಂದು ಗುಂಡಿಯೂ ದಾಖಲಾಗುತ್ತದೆ, ಪ್ಲೇಬ್ಯಾಕ್ ಆಯ್ಕೆಯಿಂದ ಅದನ್ನು ಮತ್ತೆ ಓಡಿಸಬಹುದು. ಈ ಸೌಲಭ್ಯಗಳನ್ನು ಬಿಟ್ಟು ಯೂಟ್ಯೂಬ್ ವಿಡಿಯೋ ನೋಡಿ ಅಳೆಯಲು ಹೋಗಬೇಡಿ. ಆ ವಿಡಿಯೋಗಳ ಫ್ರೇಮ್ ದರ ಮೂಲದ್ದಾಗಿರುವುದಿಲ್ಲ.

ಮೊದಲು ಬರೆದುಕೊಳ್ಳಬೇಕಾದದ್ದು ಪರದೆಯ ಅಳತೆ ಮತ್ತು ಫ್ರೇಮ್ ದರ. ಪ್ಯಾಕ್‌ಮ್ಯಾನ್ ಪರದೆ 224 ಪಿಕ್ಸೆಲ್ ಅಗಲ, 288 ಪಿಕ್ಸೆಲ್ ಎತ್ತರ. ಅದು ಸೆಕೆಂಡಿಗೆ ಸುಮಾರು 60.6 ಫ್ರೇಮ್ ತೋರಿಸುತ್ತಿತ್ತು. ಎಲ್ಲ ಆಟಗಳೂ 60ರ ಆಸುಪಾಸಿನಲ್ಲಿದ್ದವೆಂದು ಭಾವಿಸುವಂತಿಲ್ಲ. 1987ರ ಆರ್-ಟೈಪ್ ಸೆಕೆಂಡಿಗೆ ಸುಮಾರು 55 ಫ್ರೇಮ್‌ಗಳಲ್ಲಿ ನಡೆಯುತ್ತಿತ್ತು. ಅದನ್ನು ತಿಳಿಯದೆ 60ಕ್ಕೆ ಕಟ್ಟಿದರೆ ಇಡೀ ಆಟ ಶೇಕಡ 9ರಷ್ಟು ಚುರುಕಾಗುತ್ತದೆ. ಮೊದಲೇ ಕಠಿಣವಾದ ಆ ಆಟದಲ್ಲಿ ಅಷ್ಟು ಸಾಕು, ಆಟಗಾರ ಕೈಚೆಲ್ಲಲು.

ಅನಂತರ ಚಲನೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆಟದ ರುಚಿಯೆಲ್ಲ ಇಲ್ಲಿದೆ. ಪ್ಯಾಕ್‌ಮ್ಯಾನ್‌ನ ಮೊದಲ ಹಂತದಲ್ಲಿ ನಾಯಕ ಖಾಲಿ ಹಾದಿಯಲ್ಲಿ ಪ್ರತಿ ಫ್ರೇಮ್‌ಗೆ ಸರಿಯಾಗಿ ಒಂದು ಪಿಕ್ಸೆಲ್ ಸರಿಯುತ್ತಾನೆ. ಬೆನ್ನಟ್ಟುವ ದೆವ್ವ 16 ಫ್ರೇಮ್‌ಗಳಲ್ಲಿ 15 ಪಿಕ್ಸೆಲ್ ಸರಿಯುತ್ತದೆ. ಇಷ್ಟೇ ಆಗಿದ್ದರೆ ದೆವ್ವಕ್ಕೆ ನಾಯಕ ಎಂದೂ ಹಿಂದಿನಿಂದ ಸಿಗುತ್ತಿರಲಿಲ್ಲ. ಆದರೆ ಒಂದು ಚುಕ್ಕಿ ತಿಂದಾಗಲೆಲ್ಲ ನಾಯಕ ಒಂದು ಫ್ರೇಮ್ ನಿಲ್ಲುತ್ತಾನೆ. ಚುಕ್ಕಿಗಳ ನಡುವಿನ ಅಂತರ ಎಂಟು ಪಿಕ್ಸೆಲ್. ಅಂದರೆ ಚುಕ್ಕಿ ಸಾಲಿನಲ್ಲಿ ಎಂಟು ಪಿಕ್ಸೆಲ್ ದಾಟಲು ಅವನಿಗೆ ಒಂಬತ್ತು ಫ್ರೇಮ್ ಬೇಕು. ಅದೇ ಒಂಬತ್ತು ಫ್ರೇಮ್‌ಗಳಲ್ಲಿ ದೆವ್ವ ಎಂಟೂವರೆಗೆ ಸ್ವಲ್ಪ ಕಡಿಮೆ ಪಿಕ್ಸೆಲ್ ಬಂದಿರುತ್ತದೆ. ಹೀಗೆ ತಿನ್ನುತ್ತ ಹೋದರೆ ಪ್ರತಿ ಚುಕ್ಕಿಗೂ ದೆವ್ವ ಅರ್ಧ ಪಿಕ್ಸೆಲ್‌ನಷ್ಟು ಹತ್ತಿರವಾಗುತ್ತದೆ, ತಿಂದು ಖಾಲಿಯಾದ ಹಾದಿಗೆ ಹೊರಳಿದರೆ ಪ್ರತಿ ಎಂಟು ಪಿಕ್ಸೆಲ್‌ಗೆ ಅರ್ಧ ಪಿಕ್ಸೆಲ್ ಹಿಂದುಳಿಯುತ್ತದೆ. ಆಸೆಗೆ ಬಿದ್ದರೆ ಸಿಕ್ಕಿಬೀಳುವುದು, ಆಸೆ ಬಿಟ್ಟರೆ ತಪ್ಪಿಸಿಕೊಳ್ಳುವುದು ಎಂಬ ಇಡೀ ಆಟದ ಎಳೆ ಆ ಒಂದು ಫ್ರೇಮ್ ನಿಲುಗಡೆಯಲ್ಲಿದೆ. ಹೊಸದಾಗಿ ಕಟ್ಟುವವರಿಗೆ ಅದು ದೋಷದಂತೆ ಕಾಣುತ್ತದೆ, 'ಚಲನೆ ನಯವಾಗಲಿ' ಎಂದು ತೆಗೆದುಹಾಕುತ್ತಾರೆ. ಆಮೇಲೆ ಆಟ ಏಕೆ ಸಪ್ಪೆಯಾಯಿತೆಂದು ತಲೆ ಕೆರೆದುಕೊಳ್ಳುತ್ತಾರೆ.

ತಿರುವಿನ ಲೆಕ್ಕವೂ ಹಾಗೆಯೇ. ನಾಯಕ ತಿರುವಿನ ನಡುಬಿಂದುವಿಗೆ ಕೆಲವೇ ಪಿಕ್ಸೆಲ್ ಮೊದಲೇ ತಿರುಗಬಲ್ಲ, ಆ ಅಂತರವನ್ನು ಓರೆಯಾಗಿ ದಾಟುತ್ತಾನೆ. ದೆವ್ವಗಳಿಗೆ ಆ ಸೌಕರ್ಯವಿಲ್ಲ. ನುರಿತವರು ಪ್ರತಿ ತಿರುವಿನಲ್ಲೂ ಅಂತರ ಗಳಿಸುವುದು ಹೀಗೆ.

1978ರ ಸ್ಪೇಸ್ ಇನ್ವೇಡರ್ಸ್ ಇನ್ನೊಂದು ಪಾಠ ಕಲಿಸುತ್ತದೆ. ಟೈಟೊ ಕಂಪನಿಯ ತೊಮೊಹಿರೊ ನಿಶಿಕಾದೊ ರೂಪಿಸಿದ ಆ ಆಟದಲ್ಲಿ 55 ಶತ್ರುಗಳಿರುತ್ತಾರೆ, ಪ್ರತಿ ಫ್ರೇಮ್‌ಗೆ ಒಬ್ಬ ಶತ್ರು ಮಾತ್ರ ಸರಿಯುತ್ತಾನೆ. ಪೂರ್ತಿ ಪಡೆ ಒಂದು ಹೆಜ್ಜೆ ಇಡಲು 55 ಫ್ರೇಮ್ ಹಿಡಿದರೆ, ಒಬ್ಬನೇ ಉಳಿದಾಗ ಅವನು ಪ್ರತಿ ಫ್ರೇಮ್‌ಗೂ ಹೆಜ್ಜೆ ಇಡುತ್ತಾನೆ. ಕೊನೆಕೊನೆಗೆ ಎದೆ ಹೊಡೆದುಕೊಳ್ಳುವಂತೆ ಮಾಡುವ ಆ ವೇಗ ಯಂತ್ರದ ಮಿತಿಯಿಂದ ಹುಟ್ಟಿದ್ದು. ಇಂದಿನ ಫೋನಿಗೆ ಆ ಮಿತಿ ಇಲ್ಲವಾದ್ದರಿಂದ ಅದನ್ನು ನೀವೇ ಉದ್ದೇಶಪೂರ್ವಕವಾಗಿ ಬರೆಯಬೇಕು.

ಎಂಜಿನ್ನಿನಲ್ಲಿ ಕಾಲವನ್ನು ಕಟ್ಟುವುದು

ಪಟ್ಟಿ ಸಿದ್ಧವಾದ ಮೇಲೆ ಬಣ್ಣದ ಚೌಕಗಳನ್ನಷ್ಟೇ ಇಟ್ಟುಕೊಂಡು ಆಟವನ್ನು ಕಟ್ಟಿ. ನಾನು ಬಳಸುವುದು ಗೋಡೋ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ. ಮುಕ್ತ ಪರವಾನಗಿಯದು, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ಕನ್ನಡದ ವಿಷಯದಲ್ಲಿ ಅದರ ಇನ್ನೊಂದು ಅನುಕೂಲವನ್ನು ಮುಂದೆ ಹೇಳುತ್ತೇನೆ.

ಆಟದ ತರ್ಕವನ್ನು ಪರದೆಯ ದರಕ್ಕೆ ಕಟ್ಟಿಹಾಕಬಾರದು. ಇಂದು ಒಬ್ಬರ ಫೋನ್ 60 ಹರ್ಟ್ಸ್ (ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವುದು), ಇನ್ನೊಬ್ಬರದು 90, ಮತ್ತೊಬ್ಬರದು 120. ತರ್ಕ ಸ್ಥಿರ ದರದಲ್ಲಿ ಮುನ್ನಡೆಯಬೇಕು, ಚಿತ್ರ ಮಾತ್ರ ಪರದೆಯ ದರಕ್ಕೆ ಹೊಂದಿಕೊಳ್ಳಬೇಕು. ಗೋಡೋದಲ್ಲಿ ಫಿಸಿಕ್ಸ್ ಟಿಕ್ ದರವನ್ನು (ಸೆಕೆಂಡಿಗೆ ತರ್ಕ ಎಷ್ಟು ಬಾರಿ ಮುನ್ನಡೆಯಬೇಕೆಂಬ ಸಂಖ್ಯೆಯನ್ನು) ಆರ್-ಟೈಪ್‌ನಂಥ ಆಟಕ್ಕೆ 55, ಪ್ಯಾಕ್‌ಮ್ಯಾನ್‌ನಂಥದಕ್ಕೆ 60 ಎಂದಿಟ್ಟು, ಎಲ್ಲ ಚಲನೆಯನ್ನೂ ಆ ಟಿಕ್‌ನಲ್ಲೇ ಬರೆಯಿರಿ. 60.6ರ ಬದಲು 60 ಇಟ್ಟರೆ ಆಗುವ ವ್ಯತ್ಯಾಸ ಶೇಕಡ ಒಂದು. ನನ್ನ ಅಭಿಪ್ರಾಯದಲ್ಲಿ ಅದರ ಬೆನ್ನುಹತ್ತುವ ಅಗತ್ಯವಿಲ್ಲ.

ಸ್ಥಾನಗಳನ್ನು ದಶಮಾಂಶದಲ್ಲಿ ಇಡದೆ ಪೂರ್ಣಾಂಕದಲ್ಲಿ ಇಡಿ. ಒಂದು ಪಿಕ್ಸೆಲ್ ಎಂದರೆ 256 ಘಟಕ ಎಂದು ನಿಗದಿ ಮಾಡಿಕೊಂಡರೆ ಮೇಲಿನ ನಾಯಕನ ವೇಗ ಟಿಕ್‌ಗೆ 256, ದೆವ್ವದ್ದು 240 ಆಗುತ್ತದೆ; ಎಲ್ಲಿಯೂ ಕೂದಲೆಳೆಯ ವ್ಯತ್ಯಾಸ ಕೂಡಿಕೊಳ್ಳುತ್ತ ಹೋಗುವುದಿಲ್ಲ. ಯಾದೃಚ್ಛಿಕ ಸಂಖ್ಯೆಗಳ ಬಗ್ಗೆಯೂ ಎಚ್ಚರ ಬೇಕು. ಮೂಲ ಪ್ಯಾಕ್‌ಮ್ಯಾನ್‌ನಲ್ಲಿ ನಾಯಕ ದೊಡ್ಡ ಚುಕ್ಕಿ ತಿಂದಾಗ ಹೆದರಿ ಓಡುವ ದೆವ್ವಗಳು ಬಳಸುವ ಸಂಖ್ಯೆಗಳ ಸರಣಿ ಪ್ರತಿ ಹಂತದ ಆರಂಭದಲ್ಲೂ, ಪ್ರತಿ ಜೀವದ ಆರಂಭದಲ್ಲೂ ಮೊದಲಿನ ಸ್ಥಿತಿಗೇ ಮರಳುತ್ತದೆ. ಅದೇ ರೀತಿ ಆಡಿದರೆ ಅದೇ ಫಲ ಬರುತ್ತದೆಂಬ ನಂಬಿಕೆಯ ಮೇಲೆಯೇ ಹಳೆಯ ಆಟಗಾರರು ದಾರಿಗಳನ್ನು ಬಾಯಿಪಾಠ ಮಾಡಿದ್ದರು. ಎಂಜಿನ್ನಿನ ಸಾಮಾನ್ಯ ರ‍್ಯಾಂಡಮ್ ಫಂಕ್ಷನ್ ಕರೆದುಬಿಟ್ಟರೆ ಆ ಕೌಶಲಕ್ಕೆ ಬೆಲೆಯೇ ಉಳಿಯುವುದಿಲ್ಲ. ಸರಣಿ ಶುರುವಾಗುವ ಬೀಜಸಂಖ್ಯೆಯನ್ನು ನೀವೇ ಹಿಡಿದಿಟ್ಟುಕೊಳ್ಳಿ.

ಚೌಕಗಳ ಆಟ ಆಡಲು ಹಿತವಾಗುವ ತನಕ ಮುಂದಿನ ಹೆಜ್ಜೆ ಇಡಬೇಡಿ.

ಪರದೆಗೆ ಹೊಂದಿಸುವುದು

ಸಣ್ಣ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸುವಾಗ ಪೂರ್ಣ ಗುಣಕವನ್ನೇ ಬಳಸಬೇಕು. ಇಲ್ಲವಾದರೆ ಕೆಲವು ಪಿಕ್ಸೆಲ್‌ಗಳು ದಪ್ಪ, ಕೆಲವು ತೆಳ್ಳಗೆ ಕಂಡು ಚಲಿಸುವಾಗ ಚಿತ್ರ ನಡುಗುತ್ತದೆ. 1080 ಪಿಕ್ಸೆಲ್ ಅಗಲ, 2400 ಪಿಕ್ಸೆಲ್ ಎತ್ತರದ ಫೋನನ್ನು ನೆಟ್ಟಗೆ ಹಿಡಿದಾಗ 224 × 288ರ ಚಿತ್ರವನ್ನು ನಾಲ್ಕುಪಟ್ಟು ಮಾಡಿದರೆ 896 × 1152 ಆಗುತ್ತದೆ. ಎಡಬಲಕ್ಕೆ ಬೆರಳಗಲ ಜಾಗವೂ ವ್ಯರ್ಥವಾಗುವುದಿಲ್ಲ, ಕೆಳಗೆ ಮಾತ್ರ ಹೆಬ್ಬೆರಳಿಗೆ ಧಾರಾಳ ಜಾಗ. ನೆಟ್ಟಗಿನ ಆರ್ಕೇಡ್ ಆಟಗಳು ಫೋನಿಗಾಗಿಯೇ ಹುಟ್ಟಿದಂತಿವೆ ಎನಿಸುವುದು ಇದನ್ನು ನೋಡಿದಾಗ. ಗೋಡೋದಲ್ಲಿ ಸ್ಟ್ರೆಚ್ ಮೋಡ್ ಅನ್ನು ವ್ಯೂಪೋರ್ಟ್ ಎಂದೂ ಸ್ಕೇಲ್ ಮೋಡ್ ಅನ್ನು ಇಂಟಿಜರ್ ಎಂದೂ ಟೆಕ್ಸ್ಚರ್ ಫಿಲ್ಟರನ್ನು ನಿಯರೆಸ್ಟ್ ಎಂದೂ ಇಟ್ಟರೆ ಇದು ತಾನಾಗಿ ಆಗುತ್ತದೆ.

ಮುಸ್ತಫಾ ಆಟದ ಕಾಲದ ಕ್ಯಾಪ್ಕಾಮ್ ಯಂತ್ರಗಳಲ್ಲಿ ಒಂದು ಸೂಕ್ಷ್ಮವಿದೆ. ಅವುಗಳ ಚಿತ್ರ 384 × 224, ಆದರೆ ಅದು ಮೂಡುತ್ತಿದ್ದದ್ದು 4:3 ಅನುಪಾತದ ಗಾಜಿನ ಮೇಲೆ. ಹಾಗೆಯೇ ಚೌಕ ಪಿಕ್ಸೆಲ್‌ಗಳಲ್ಲಿ ತೋರಿಸಿದರೆ ಪಾತ್ರಗಳೆಲ್ಲ ಊದಿಕೊಂಡಂತೆ ಕಾಣುತ್ತವೆ. ಅಂಥ ಆಟಕ್ಕೆ ಮೊದಲು ದೊಡ್ಡ ಪೂರ್ಣ ಗುಣಕಕ್ಕೆ ಹಿಗ್ಗಿಸಿ, ಅನಂತರ ಅಗಲವನ್ನು ನಯವಾಗಿ ಕುಗ್ಗಿಸಬೇಕು. ಹಳೆಯ ಟಿ.ವಿ. ಗಾಜಿನ ಗೆರೆಗಳನ್ನು ನಕಲು ಮಾಡುವ ಶೇಡರ್‌ಗಳನ್ನು ಆಯ್ಕೆಯಾಗಿ ಕೊಡಿ. ಅಂದಿನ ಕಲಾವಿದರು ಆ ಗಾಜಿನ ಮಸುಕನ್ನು ನಂಬಿಯೇ ಬಣ್ಣ ಆರಿಸಿದ್ದರೆಂಬುದು ನಿಜ, ಆದರೂ ಐದೂವರೆ ಇಂಚಿನ ಪರದೆಯಲ್ಲಿ ಅವು ಕಣ್ಣಿಗೆ ತ್ರಾಸ ಕೊಡುತ್ತವೆ. ಆರಂಭದಲ್ಲಿ ಅವನ್ನು ಆಫ್ ಮಾಡಿಟ್ಟಿರುವುದೇ ಲೇಸು.

ಕೈಗೆ ಒಗ್ಗಿಸುವುದು

ಆರ್ಕೇಡ್ ಕೋಲನ್ನು ಆಟಗಾರ ತಿರುವಿಗೆ ಮೊದಲೇ ಮೇಲಕ್ಕೆ ಒತ್ತಿ ಹಿಡಿದಿರುತ್ತಿದ್ದ. ತಿರುವು ಬಂದೊಡನೆ ನಾಯಕ ಹೊರಳುತ್ತಿದ್ದ. ಗಾಜಿನ ಪರದೆಯಲ್ಲಿ ಬೆರಳು ಒಮ್ಮೆ ಸವರಿ ಎದ್ದುಬಿಡುತ್ತದೆ. ಆದ್ದರಿಂದ ಸವರಿದ ದಿಕ್ಕನ್ನು ಆಟ ನೆನಪಿಟ್ಟುಕೊಂಡು ಮುಂದಿನ ತಿರುವಿನಲ್ಲಿ ಬಳಸಬೇಕು, ಆಟಗಾರ ನಡುವೆ ಬೇರೆ ದಿಕ್ಕು ಕೊಟ್ಟರೆ ಹಳೆಯದನ್ನು ಬಿಡಬೇಕು. ಪರದೆಯ ಮೇಲೆ ನಾಲ್ಕು ಬಾಣದ ಗುಂಡಿಗಳನ್ನು ಬಿಡಿಸುವುದು ಸುಲಭವೆಂದು ತೋರಿದರೂ, ಬೆರಳಿಗೆ ಅಂಚು ತಗುಲದ ಗುಂಡಿಯನ್ನು ನೋಡದೆ ಒತ್ತಲು ಯಾರಿಂದಲೂ ಆಗುವುದಿಲ್ಲ; ನಮ್ಮಲ್ಲಿ ಆಡಿದವರ ಕಣ್ಣು ಆಟದಿಂದ ಗುಂಡಿಗೆ, ಗುಂಡಿಯಿಂದ ಆಟಕ್ಕೆ ಓಡಾಡುತ್ತಿತ್ತು. ಎಲ್ಲಿ ಬೇಕಾದರೂ ಸವರಬಹುದೆಂದು ಬಿಟ್ಟ ಮೇಲೆ ಆ ಓಡಾಟ ನಿಂತಿತು.

ಒತ್ತಿದ ಮೇಲೆ ಪಾತ್ರ ಅಲುಗಾಡಲು ತಗಲುವ ತಡವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಇನ್ನೊಂದು ಫೋನಿನ ಸ್ಲೋ ಮೋಷನ್ ಕ್ಯಾಮೆರಾವನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು, ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಚಿತ್ರಿಸಿ. ಬೆರಳು ಚಲಿಸಿದ ಫ್ರೇಮ್‌ನಿಂದ ಪಾತ್ರ ಚಲಿಸಿದ ಫ್ರೇಮ್‌ನವರೆಗೆ ಎಣಿಸಿ. ಒಂದೊಂದು ಫ್ರೇಮ್ ಸುಮಾರು 4.2 ಮಿಲಿಸೆಕೆಂಡು. ನೂರು ಮಿಲಿಸೆಕೆಂಡು ದಾಟಿದರೆ ಆಟ ಮಾತು ಕೇಳುತ್ತಿಲ್ಲವೆಂಬ ಭಾವನೆ ಬರುತ್ತದೆ. ಸವರುವಿಕೆಯನ್ನು ಬೆರಳು ಎದ್ದ ಮೇಲೆ ಗುರುತಿಸುವ ಬದಲು, ಬೆರಳು ಕೆಲವು ಮಿಲಿಮೀಟರ್ ಸರಿದ ಕ್ಷಣವೇ ಗುರುತಿಸಿದರೆ ಅರ್ಧ ತೊಂದರೆ ಪರಿಹಾರವಾಗುತ್ತದೆ.

ಚಿತ್ರ ಮತ್ತು ಧ್ವನಿ

ಈಗ ಬಣ್ಣಕ್ಕೆ ಬರಬಹುದು. ಚಿತ್ರ ಎಷ್ಟು ದೊಡ್ಡದಾದರೂ ತಗಲುವ ಗಡಿ ಹಳೆಯದೇ ಇರಲಿ. ಪ್ಯಾಕ್‌ಮ್ಯಾನ್‌ನಲ್ಲಿ ನಾಯಕ ಸಾಯುವುದು ದೆವ್ವದ ಚಿತ್ರ ತಾಗಿದಾಗಲ್ಲ, ಇಬ್ಬರ ನಡುಬಿಂದುವೂ ಒಂದೇ ಎಂಟು ಪಿಕ್ಸೆಲ್‌ನ ಚೌಕಕ್ಕೆ ಬಂದಾಗ. ಹೊಸ ಚಿತ್ರಕ್ಕೆ ತಕ್ಕಂತೆ ಗಡಿಯನ್ನೂ ಹಿಗ್ಗಿಸಿದರೆ ಹಿಂದೆ ಪಾರಾಗುತ್ತಿದ್ದ ಕಡೆಯೆಲ್ಲ ಸಾವು. ದೆವ್ವಗಳನ್ನು ಬಣ್ಣವೊಂದರಿಂದಲೇ ಗುರುತಿಸುವಂತೆ ಬಿಡಬೇಡಿ. ಬಣ್ಣಗಳನ್ನು ಬೇರ್ಪಡಿಸಲಾಗದವರಿಗಾಗಿ ಆಕಾರದಲ್ಲೂ ಭೇದವಿರಲಿ. ಮಿನುಗುವ ಬೆಳಕು ಸೆಕೆಂಡಿಗೆ ಮೂರು ಬಾರಿಗಿಂತ ಹೆಚ್ಚಾಗದಿರಲಿ, ಅಪಸ್ಮಾರವಿರುವವರಿಗೆ ಅದು ಅಪಾಯಕಾರಿ.

ಹಾಸನದವರಿಗೆ ಪ್ರತ್ಯೇಕವಾಗಿ ಒಂದು ಮಾತು. ಇಲ್ಲಿ ಯಾರೇ ಆಟ ಕಟ್ಟಲಿ, ಹಿನ್ನೆಲೆಗೆ ಬೇಲೂರು ಹಳೇಬೀಡಿನ ಕೆತ್ತನೆ ಬಂದೇ ಬರುತ್ತದೆ. ಹೊಯ್ಸಳ ಶಿಲ್ಪದ ಸೊಬಗಿರುವುದು ಅತಿಸೂಕ್ಷ್ಮ ವಿವರಗಳಲ್ಲಿ. ಹದಿನಾರು ಪಿಕ್ಸೆಲ್‌ಗೆ ಇಳಿಸಿದರೆ ಅದು ಬೂದು ಬಣ್ಣದ ಗೊಂದಲವಾಗುತ್ತದೆ, ದೊಡ್ಡದಾಗಿ ಬಿಡಿಸಿದರೆ ಆಟದ ಹಾದಿಯೇ ಕಣ್ಣಿಗೆ ಬೀಳುವುದಿಲ್ಲ. ಬೇಕಿದ್ದರೆ ಬೇಲೂರು ದೇಗುಲದ ನಕ್ಷತ್ರಾಕಾರದ ಜಗತಿಯ (ದೇಗುಲ ನಿಂತ ಕಟ್ಟೆಯ) ಹೊರಗೆರೆಯನ್ನು ಹಾದಿಯ ನಕ್ಷೆಗೆ ಬಳಸಿ ನೋಡಿ, ಮೂಲೆಗಳು ಹೆಚ್ಚಿರುವುದರಿಂದ ಬೆನ್ನಟ್ಟುವ ಆಟಕ್ಕೆ ಅದು ಹೊಂದುತ್ತದೆ.

ಧ್ವನಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಹಳೆಯ ಧ್ವನಿಗಳು ಸುದ್ದಿ ಹೇಳುತ್ತಿದ್ದವು. ಚುಕ್ಕಿಗಳು ಕಡಿಮೆಯಾದಂತೆ ಪ್ಯಾಕ್‌ಮ್ಯಾನ್‌ನ ಹಿನ್ನೆಲೆಯ ಕೂಗು ಏರುತ್ತ ಹೋಗುತ್ತದೆ. ಹೊಸ ಸಂಗೀತ ಎಷ್ಟೇ ಚೆನ್ನಾಗಿರಲಿ, ಆ ಸುದ್ದಿ ಅದರಡಿ ಮುಚ್ಚಿಹೋಗಬಾರದು.

ಕನ್ನಡ ಅಕ್ಷರಗಳು

ಆರ್ಕೇಡ್ ಆಟಗಳ ಅಕ್ಷರಗಳು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕದಲ್ಲಿ ಕೂರುತ್ತಿದ್ದವು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಅಷ್ಟು ಸಾಕು. ಕನ್ನಡಕ್ಕೆ ಸಾಲದು. ತಲೆಕಟ್ಟು, ಗುಣಿತ, ಅದರ ಕೆಳಗೆ ಒತ್ತಕ್ಷರ ಇವಿಷ್ಟಕ್ಕೂ ಜಾಗ ಬೇಕು. 'ರಾಷ್ಟ್ರ' ಅಥವಾ 'ಸ್ತ್ರೀ'ಯಂಥ ಪದದಲ್ಲಿ ಎರಡು ಒತ್ತುಗಳು ಒಟ್ಟಿಗೆ ಬರುತ್ತವೆ. ನಾವು ಪಿಕ್ಸೆಲ್ ಶೈಲಿಯ ಕನ್ನಡ ಅಕ್ಷರ ಬಿಡಿಸಲು ಯತ್ನಿಸಿದಾಗ ಮೂಲಾಕ್ಷರ ಓದುವಂತಾಗಲು ಹದಿನಾರು ಪಿಕ್ಸೆಲ್ ಎತ್ತರ ಬೇಕಾಯಿತು, ಒತ್ತುಗಳಿಗೆ ಅದರ ಕೆಳಗೆ ಮತ್ತೆ ಅರ್ಧದಷ್ಟು. ಅಷ್ಟು ಎತ್ತರದ ಸಾಲು 288 ಪಿಕ್ಸೆಲ್ ಪರದೆಯನ್ನೇ ನುಂಗುತ್ತದೆ.

ಸರಿಯಾದ ಪರಿಹಾರವೆಂದರೆ ಪಠ್ಯವನ್ನು ಆಟದ ಸಣ್ಣ ಚಿತ್ರದೊಳಗೆ ಬರೆಯದಿರುವುದು. ಆಟವನ್ನು 224 × 288ರ ಉಪವ್ಯೂಪೋರ್ಟಿನಲ್ಲಿ (ಒಳಗಿನ ಸಣ್ಣ ಪರದೆಯಲ್ಲಿ) ನಡೆಸಿ, ಅಂಕ, ಸೂಚನೆ, ಪಟ್ಟಿಗಳನ್ನೆಲ್ಲ ಅದರ ಮೇಲಿನ ಬೇರೆ ಪದರದಲ್ಲಿ ಫೋನಿನ ಪೂರ್ಣ ರೆಸಲ್ಯೂಷನ್ನಿನಲ್ಲಿ ಬರೆಯಿರಿ. ಹೀಗೆ ಮಾಡುವುದಾದರೆ ಮೇಲೆ ಹೇಳಿದ ಸ್ಟ್ರೆಚ್ ಮೋಡ್ ಅನ್ನು ವ್ಯೂಪೋರ್ಟ್ ಬದಲು ಡಿಸೇಬಲ್ಡ್ ಎಂದಿಟ್ಟು, ಉಪವ್ಯೂಪೋರ್ಟಿನ ಚಿತ್ರವನ್ನು ನೀವೇ ಪೂರ್ಣ ಗುಣಕಕ್ಕೆ ಹಿಗ್ಗಿಸಬೇಕಾಗುತ್ತದೆ. ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಇವೆರಡೂ ಮುಕ್ತ ಪರವಾನಗಿಯ ಫಾಂಟುಗಳು; ಆಟದ ಮೋಜಿಗೆ ಬಲೂ ತಮ್ಮದ ದುಂಡು ರೂಪ ಹೆಚ್ಚು ಒಪ್ಪುತ್ತದೆ. ಗೋಡೋ 3ನೆಯ ಸರಣಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಕಾಣುತ್ತಿದ್ದವು, 4ರಿಂದ ಅವು ಸರಿಯಾಗಿ ಕೂಡಿಕೊಳ್ಳುತ್ತವೆ. ಹಳೆಯ ಪಾಠಗಳನ್ನು ನೋಡಿ 3ರಲ್ಲೇ ಆರಂಭಿಸುವವರು ಇದನ್ನು ಗಮನಿಸಬೇಕು.

ಅತ್ಯಧಿಕ ಅಂಕದ ಪಟ್ಟಿಯಲ್ಲಿ ಮೂರಕ್ಷರದ ಹೆಸರು ಬರೆಯುವ ಸಂಪ್ರದಾಯವನ್ನು ಕನ್ನಡಕ್ಕೆ ತರುವಾಗ ಇನ್ನೊಂದು ತೊಡಕು ಎದುರಾಗುತ್ತದೆ. 'ಶ್ರೀ' ನಮ್ಮ ಕಣ್ಣಿಗೆ ಒಂದಕ್ಷರ. ಯೂನಿಕೋಡ್‌ನಲ್ಲಿ ಅದು ನಾಲ್ಕು ಸಂಕೇತ. ಸಂಕೇತಗಳನ್ನು ಎಣಿಸಿ ಮೂರಕ್ಕೆ ಕತ್ತರಿಸುವ ಕೋಡ್ ಬರೆದರೆ ಶ್ರೀನಿಧಿ ಎಂಬ ಹುಡುಗಿಗೆ ತನ್ನ ಹೆಸರಿನ ಮೊದಲಕ್ಷರವೂ ಪೂರ್ತಿ ಸಿಗುವುದಿಲ್ಲ. ಎಣಿಕೆ ಅಕ್ಷರದ ಗುಚ್ಛಗಳ ಮೇಲೆ ನಡೆಯಬೇಕು. ವರ್ಣಮಾಲೆಯ 49 ಅಕ್ಷರಗಳನ್ನೂ ಅವುಗಳ ಗುಣಿತಗಳನ್ನೂ ಒಂದೇ ಉದ್ದನೆಯ ಸಾಲಿನಲ್ಲಿಟ್ಟು ಕೋಲಿನಿಂದ ಹುಡುಕಿಸುವುದು ಶಿಕ್ಷೆಯೇ ಸರಿ. ಮೊದಲು ವರ್ಗವನ್ನು, ಅಂದರೆ ಕವರ್ಗ, ಚವರ್ಗ ಹೀಗೆ, ಅನಂತರ ವ್ಯಂಜನವನ್ನು, ಕೊನೆಗೆ ಗುಣಿತವನ್ನು ಆರಿಸುವ ಮೂರು ಮೆಟ್ಟಿಲಿನ ವ್ಯವಸ್ಥೆ ನಮಗೆ ಚೆನ್ನಾಗಿ ಹೊಂದಿತು. ಶಾಲೆಯಲ್ಲಿ ಕಾಗುಣಿತ ಕಲಿತವರಿಗೆ ಹೇಳಿಕೊಡುವ ಅಗತ್ಯವೇ ಬರಲಿಲ್ಲ.

ನಾಣ್ಯದ ಕಾಲದ ಕಷ್ಟವನ್ನು ತೂಗುವುದು

ಆರ್ಕೇಡ್ ಆಟ ಕಠಿಣವಾಗಿದ್ದದ್ದು ಬಹುಮಟ್ಟಿಗೆ ಮುಂದಿನ ನಾಣ್ಯಕ್ಕಾಗಿ. ಅಂಗಡಿಯವನು ಯಂತ್ರದೊಳಗಿನ ಪುಟ್ಟ ಸ್ವಿಚ್ಚುಗಳಿಂದ ಜೀವಗಳ ಸಂಖ್ಯೆಯನ್ನೂ ಹೆಚ್ಚುವರಿ ಜೀವಕ್ಕೆ ಬೇಕಾದ ಅಂಕವನ್ನೂ ಬದಲಿಸಬಹುದಿತ್ತು. ಪ್ಯಾಕ್‌ಮ್ಯಾನ್‌ನಲ್ಲಿ ಒಂದು, ಎರಡು, ಮೂರು ಅಥವಾ ಐದು ಜೀವ ಇಡಬಹುದಾಗಿತ್ತು. ಆ ಸ್ವಿಚ್ಚುಗಳನ್ನೇ ಈಗ ಆಟಗಾರನ ಕೈಗೆ ಕೊಡಿ. ನಿಧಾನದ ಆಯ್ಕೆ ಬೇಕಾದರೆ ಪಾತ್ರಗಳ ವೇಗವನ್ನು ಬೇರೆ ಬೇರೆಯಾಗಿ ಇಳಿಸದೆ ಟಿಕ್ ದರವನ್ನೇ 60ರಿಂದ 50ಕ್ಕೆ ಇಳಿಸಿ. ಆಗ ನಾಯಕ ಮತ್ತು ದೆವ್ವದ ನಡುವಿನ ಅನುಪಾತ ಹಾಗೆಯೇ ಉಳಿಯುತ್ತದೆ. ಹೀಗೆ ಸಹಾಯ ಪಡೆದು ಗಳಿಸಿದ ಅಂಕಗಳಿಗೆ ಪ್ರತ್ಯೇಕ ಪಟ್ಟಿಯಿರಲಿ.

ಮೂಲದ ದೋಷಗಳನ್ನು ಏನು ಮಾಡಬೇಕೆಂಬುದಕ್ಕೆ ನಾನು ಪಾಲಿಸುವ ನಿಯಮ ಸರಳ. ಆಟವನ್ನೇ ನಿಲ್ಲಿಸುವ ದೋಷವನ್ನು ಸರಿಪಡಿಸಬೇಕು, ಆಟಗಾರರು ಒಗ್ಗಿಕೊಂಡ ದೋಷವನ್ನು ಮುಟ್ಟಬಾರದು. ಪ್ಯಾಕ್‌ಮ್ಯಾನ್‌ನಲ್ಲಿ ಹಂತದ ಎಣಿಕೆ ಎಂಟು ಬಿಟ್‌ಗಳಲ್ಲಿದ್ದು 255ರವರೆಗೆ ಮಾತ್ರ ಹೋಗಬಲ್ಲದ್ದರಿಂದ 256ನೆಯ ಹಂತದಲ್ಲಿ ಪರದೆಯ ಬಲಭಾಗ ಗೋಜಲಾಗಿ ಆಟ ಅಲ್ಲಿಗೇ ಮುಗಿಯುತ್ತದೆ. ಹೊಸ ಆಟದಲ್ಲಿ ಅದು ಬೇಡ. ಗುಲಾಬಿ ದೆವ್ವ ನಾಯಕನ ನಾಲ್ಕು ಚೌಕ ಮುಂದಕ್ಕೆ ಗುರಿಯಿಡುತ್ತದೆ, ಆದರೆ ನಾಯಕ ಮೇಲ್ಮುಖವಾಗಿದ್ದಾಗ ಲೆಕ್ಕ ತಪ್ಪಿ ನಾಲ್ಕು ಮೇಲೆ, ನಾಲ್ಕು ಎಡಕ್ಕೆ ಗುರಿಯಿಡುತ್ತದೆ. ನುರಿತವರು ಈ ತಪ್ಪನ್ನೇ ನಂಬಿ ಆಡುತ್ತಾರೆ, ಆದ್ದರಿಂದ ಅದು ಉಳಿಯಲಿ. ಎದುರುಬದುರಾದ ನಾಯಕ ಮತ್ತು ದೆವ್ವ ಒಂದೇ ಫ್ರೇಮ್‌ನಲ್ಲಿ ಚೌಕ ಬದಲಿಸಿಕೊಂಡರೆ ಒಬ್ಬರೊಳಗೊಬ್ಬರು ಹಾದುಹೋಗುವುದೂ ಉಂಟು. ಅದೂ ಇರಲಿ, ಆಟಗಾರನಿಗೆ ಸಿಗುವ ಅಪರೂಪದ ಅದೃಷ್ಟವನ್ನು ಕಿತ್ತುಕೊಳ್ಳುವುದೇಕೆ?

ಆಡಿಸಿ ನೋಡುವುದು, ಹೊರತರುವುದು

ಪರೀಕ್ಷೆಗೆ ಎರಡು ಬಗೆಯವರು ಬೇಕು: ಅಂಗಡಿಯಲ್ಲಿ ಆಡಿ ಬೆಳೆದ ನಲವತ್ತು ದಾಟಿದವರು, ಆರ್ಕೇಡ್ ಯಂತ್ರವನ್ನೇ ಕಾಣದ ಕಾಲೇಜು ಹುಡುಗ ಹುಡುಗಿಯರು. ಫೋನ್ ಕೊಟ್ಟ ಮೇಲೆ ನೀವು ಬಾಯಿ ತೆರೆಯಬಾರದು. ಅವರ ಹೆಬ್ಬೆರಳನ್ನು ನೋಡುತ್ತಿರಿ. ಅದು ಎರಡನೆಯ ಬಾರಿ ಅದೇ ದಿಕ್ಕಿಗೆ ಸವರಿದರೆ ಮೊದಲನೆಯದು ಆಟಕ್ಕೆ ತಲುಪಿಲ್ಲವೆಂದೇ ಅರ್ಥ. ಹೊಸ ಫೋನಿನಲ್ಲಷ್ಟೇ ಪರೀಕ್ಷಿಸದೆ, ಗೀರು ಬಿದ್ದ ಟೆಂಪರ್ಡ್ ಗ್ಲಾಸ್ ಅಂಟಿಸಿದ ಐದಾರು ವರ್ಷ ಹಳೆಯ ಫೋನಿನಲ್ಲೂ ಆಡಿಸಿ.

ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಜನರನ್ನು ನೆನೆದುಕೊಳ್ಳಿ: ಒಂದು ಕೈಯಲ್ಲಿ ಹೂಹಣ್ಣಿನ ಚೀಲ, ಇನ್ನೊಂದರಲ್ಲಿ ಫೋನ್, ನಡುನಡುವೆ ಸಾಲು ಸರಿದಾಗ ಆಟ ಬಿಟ್ಟು ಹೆಜ್ಜೆ ಹಾಕಬೇಕು. ನಿಮ್ಮ ಆಟ ಒಂದೇ ಕೈಯಲ್ಲಿ ಆಡಲು ಬರಬೇಕು, ಬಿಟ್ಟಲ್ಲಿಂದ ಮುಂದುವರಿಯಬೇಕು, ಕರೆ ಬಂದಾಗ ತಾನೇ ನಿಲ್ಲಬೇಕು. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರದಿರುವುದುಂಟು. ಚಾರ್ಜ್ ಮುಗಿದು ಫೋನ್ ಆರಿದರೂ ಆಟದ ಸ್ಥಿತಿ ಕಳೆಯದಂತೆ ಪ್ರತಿ ಹಂತದ ಕೊನೆಗೆ ಉಳಿಸಿಡಿ. ಸ್ಥಾನಗಳೆಲ್ಲ ಪೂರ್ಣಾಂಕದಲ್ಲಿದ್ದರೆ ಉಳಿಸುವ ಕಡತ ಕೆಲವೇ ನೂರು ಬೈಟುಗಳಷ್ಟಾಗುತ್ತದೆ.

ಪ್ಲೇ ಸ್ಟೋರಿನಲ್ಲಿ ಖಾತೆಗೆ ಒಂದೇ ಬಾರಿ ಕಟ್ಟುವ ಶುಲ್ಕ 25 ಡಾಲರ್. ಆಟಗಳನ್ನು ಹಂಚುವ ತಾಣವಾದ ಇಚ್ ಡಾಟ್ ಐಓದಲ್ಲಿ ಶುಲ್ಕವಿಲ್ಲ. ಮೊದಲು ಅಲ್ಲಿ ಹಾಕಿ ಪರಿಚಯದವರಿಗೆ ಕೊಂಡಿ ಕಳಿಸುವುದು ಸುಲಭ. ಎಲ್ಲಿಗೆ ಹಾಕಿದರೂ ಹಾಕುವ ಮೊದಲು ಒಂದು ಪರೀಕ್ಷೆ ತಪ್ಪದೆ ನಡೆಯಬೇಕು. ಮೇಮ್‌ನಲ್ಲಿ ಮಾಡಿದಂತೆಯೇ ನಿಮ್ಮ ಆಟದಲ್ಲೂ ಪ್ರತಿ ಟಿಕ್‌ನಲ್ಲಿ ಬಂದ ಆಜ್ಞೆಗಳನ್ನು ದಾಖಲಿಸುವ ವ್ಯವಸ್ಥೆ ಇಟ್ಟುಕೊಳ್ಳಿ, ಚೆನ್ನಾಗಿ ಆಡುವವರ ಕೆಲವು ಪೂರ್ಣ ಆಟಗಳನ್ನು ಕೂಡಿಡಿ. ಕೋಡಿನಲ್ಲಿ ಏನೇ ತಿದ್ದಲಿ, ಆ ದಾಖಲೆಗಳನ್ನು ಹೊಸ ಆವೃತ್ತಿಯಲ್ಲಿ ಓಡಿಸಿ ಕೊನೆಯ ಅಂಕ ಮತ್ತು ಎಲ್ಲ ಪಾತ್ರಗಳ ಕೊನೆಯ ಸ್ಥಾನ ಹಿಂದಿನಂತೆಯೇ ಬಂದಿವೆಯೇ ಎಂದು ನೋಡಿ. ಒಂದು ಘಟಕ ವ್ಯತ್ಯಾಸ ಬಂದರೂ ಬಿಡುಗಡೆ ತಡೆಹಿಡಿದು, ಎಷ್ಟನೆಯ ಟಿಕ್‌ನಲ್ಲಿ ಎರಡು ಆವೃತ್ತಿಗಳ ದಾರಿ ಬೇರೆಯಾಯಿತೆಂದು ಹುಡುಕಿ. ದೋಷ ಸಾಮಾನ್ಯವಾಗಿ ಆ ಟಿಕ್‌ನಲ್ಲಿ ಓಡಿದ ಕೋಡಿನಲ್ಲೇ ಸಿಗುತ್ತದೆ.